ದೋಟಿ ಬಂತು, ಬಚ್ಚಲಿಗೆ ಕಂಬಿ ಯಾವಾಗ?



ಮಳೆಗಾಲ ಹತ್ತಿರ ಬಂತೆಂದರೆ ಈ ಪತ್ರಿಕೆಯಲ್ಲಿ ಬೋರ್ಡೋ ದ್ರಾವಣ, ಬಸಿಗಾಲುವೆ, ಮರಗಸಿ ಇವುಗಳ ಬಗ್ಗೆ ಲೇಖನಗಳು ಬರುವುದು ವಾಡಿಕೆ. ಅವು ಬರಲೇಬೇಕು. ಆದರೆ ಈ ಸಲ ಸಂಪಾದಕರ ಅಪ್ಪಣೆ ಪಡೆದು ತೋಟದ ಬೇಲಿ ದಾಟಿ ಮನೆಯೊಳಕ್ಕೆ, ಅದರಲ್ಲೂ ಬಚ್ಚಲು ಮನೆಯೊಳಕ್ಕೆ ನಿಮ್ಮನ್ನು ಕರೆದೊಯ್ಯುತ್ತೇನೆ. ತೋಟದ ವಿಚಾರ ಬಿಟ್ಟು ಇದೆಂಥ ವಿಷಯ ಎಂದು ಹುಬ್ಬು ಗಂಟಿಕ್ಕಬೇಡಿ. ಕೊನೆಯವರೆಗೆ ಓದಿದರೆ ಇದೂ ತೋಟದ ವಿಚಾರವೇ ಎಂದು ನಿಮಗೆ ತೋರಬಹುದು.

2022ರ ಆಷಾಢ. ನಾಲ್ಕು ದಿನ ಬಿಡದೆ ಹೊಯ್ದ ಮಳೆ. ಕರೆಂಟು ಹೋಗಿ ಎರಡು ದಿನ ಆಗಿತ್ತು. ನಮ್ಮ ದೊಡ್ಡಮ್ಮ, ಎಪ್ಪತ್ತೆಂಟು ವರ್ಷದವರು, ಬೆಳಗಿನ ಜಾವ ಬಚ್ಚಲಿಗೆ ಹೋದವರು ಕಾಲು ಜಾರಿ ಬಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವರೊಬ್ಬರೇ. ಮಗ ಬೆಂಗಳೂರಿನಲ್ಲಿ, ಮಗಳು ಪರದೇಶದಲ್ಲಿ. ಮೊಬೈಲು ಒಳಗಿನ ಕೋಣೆಯಲ್ಲಿತ್ತು. ಕೈಯಲ್ಲೇ ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಮಳೆಗೆ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೂಗಿದರು. ಹಂಚಿನ ಮೇಲೆ ಸುರಿಯುವ ಮಳೆಯ ಸದ್ದಿನಲ್ಲಿ ಕೂಗು ಯಾರಿಗೆ ಕೇಳಬೇಕು? ಕೊಟ್ಟಿಗೆ ಕೆಲಸದ ಹೆಂಗಸು ಎಂಟು ಗಂಟೆಗೆ ಬಂದು ನೋಡುವವರೆಗೆ, ಸುಮಾರು ಮೂರು ತಾಸು, ಅವರು ಒದ್ದೆ ನೆಲದ ಮೇಲೆ ಮಲಗಿದ್ದರು. ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿದಿತ್ತು.

ಆಪರೇಷನ್ ಆಯಿತು. ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಅವನಾಗಲಿ ಸೊಸೆಯಾಗಲಿ ನೋಡಿಕೊಂಡದ್ದರಲ್ಲಿ ಒಂದು ಮಾತು ಹೇಳುವ ಹಾಗಿಲ್ಲ. ಆದರೆ ಎಂಟನೇ ಮಹಡಿಯಲ್ಲಿ ಕುಳಿತು ದೊಡ್ಡಮ್ಮ ದಿನಕ್ಕೆರಡು ಸಲ ನನಗೆ ಫೋನು ಮಾಡಿ, 'ಕಣಿಯಲ್ಲಿ ನೀರು ನಿಂತಿದೆಯಾ? ಕೊಟ್ಟಿಗೆಯ ಕಡೆ ಸೋರುತ್ತಿತ್ತಲ್ಲ, ಹಂಚು ಕೈಯಾಡಿಸಿದರಾ?' ಎಂದು ಕೇಳುತ್ತಿದ್ದರು. ಇತ್ತ ತೋಟ ನೋಡುವವರಿಲ್ಲದೆ ಆ ವರ್ಷ ಎರಡನೆಯ ಸಲ ಔಷಧಿ ಹೊಡೆಸುವುದು ತಪ್ಪಿತು. ಕೊಳೆ ಬಂದು ಅಡಿಕೆ ಉದುರಿತು. ತೋಟ ಮಾರುವ ಮಾತೂ ಬಂತು. ಒಂದು ಜಾರಿದ ಕಾಲಿನಿಂದ ನಾಲ್ಕು ಎಕರೆ ತೋಟ ಕೈಬಿಡುವ ಸ್ಥಿತಿ! ಇದನ್ನು ತೋಟದ ವಿಚಾರವಲ್ಲ ಎನ್ನಲು ಸಾಧ್ಯವೇ?

ಮಗ ವಿದ್ಯಾವಂತ. ಬಿದ್ದರೆ ತಾನಾಗಿಯೇ ಗೊತ್ತುಮಾಡಿಕೊಂಡು ನಾಲ್ಕು ಜನರಿಗೆ ಸುದ್ದಿ ಕಳಿಸುವ ಕೈಗಡಿಯಾರವೊಂದನ್ನು ತಂದುಕೊಟ್ಟ. ಊರಿಗೆ ಹೋಗುವುದಾದರೆ ಇದನ್ನು ಕಟ್ಟಿಕೊಂಡೇ ಹೋಗಬೇಕೆಂದ. ಅದಕ್ಕೆ ದೊಡ್ಡಮ್ಮ ನನ್ನ ಹತ್ತಿರ ಹೇಳಿದ ಮಾತು ಇದು: 'ನೋಡು ಮಾರಾಯ, ಬಿದ್ದ ಮೇಲೆ ಸುದ್ದಿ ಮುಟ್ಟಿಸುವ ಯಂತ್ರ ಆಮೇಲಾಯಿತು. ಮೊದಲು ಬೀಳದ ಹಾಗೆ ಏನಾದರೂ ಮಾಡು.'

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದೆಲ್ಲ ಆ ಒಂದು ಮಾತಿನಲ್ಲಿದೆ.

ಹಾಗಾದರೆ ನಿಮಗೇನು ಬೇಕು ದೊಡ್ಡಮ್ಮ ಎಂದು ಕೇಳಿದೆ. ಅಲ್ಲಿಯವರೆಗೆ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವರ ಪಟ್ಟಿ ಚಿಕ್ಕದು. ರಾತ್ರಿ ಮಂಚದಿಂದ ಬಚ್ಚಲಿನವರೆಗೆ ಕೈಗೆ ಆಧಾರ ಮತ್ತು ಬೆಳಕು. ಕುಳಿತು ಸ್ನಾನ ಮಾಡಲು ಗಟ್ಟಿಯಾದ ಒಂದು ಕುರ್ಚಿ. ಕುಕ್ಕುರುಗಾಲಲ್ಲಿ ಕೂರಬೇಕಿಲ್ಲದ ಪಾಯಿಖಾನೆ. ಹಂಡೆಯಿಂದ ಬಗ್ಗಿ ಬಿಸಿನೀರು ಎತ್ತುವುದು ತಪ್ಪುವ ಹಾಗೆ ಒಂದು ನಲ್ಲಿ. ಊರಿನ ವೆಲ್ಡಿಂಗ್ ಹುಡುಗ, ಗಾರೆ ಕೆಲಸದವರೊಬ್ಬರು, ನಾನು, ಮೂವರು ಸೇರಿ ಒಂದು ವಾರದಲ್ಲಿ ಇಷ್ಟನ್ನೂ ಮುಗಿಸಿದೆವು. ಖರ್ಚು ಒಂದು ಕ್ವಿಂಟಲ್ ಅಡಿಕೆಯ ಬೆಲೆಗೂ ಮುಟ್ಟಲಿಲ್ಲ. 2023ರ ಮಾರ್ಚಿನಲ್ಲಿ, ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ, ದೊಡ್ಡಮ್ಮ ಮನೆಗೆ ಬಂದರು. ಈಗಲೂ ಇದ್ದಾರೆ. ಜಗುಲಿಯಲ್ಲಿ ಕುಳಿತು ಅಡಿಕೆ ಸುಲಿಯುವವರ ಲೆಕ್ಕ ಬರೆಯುತ್ತಾರೆ.

ಇಂಥವಕ್ಕೆಲ್ಲ ಸಹಾಯಕ ಸಾಧನಗಳು ಎಂದು ಹೆಸರು. ಹೆಸರು ಕೇಳಿ ದೊಡ್ಡ ಯಂತ್ರಗಳೆಂದು ಭಾವಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಎಲ್ಲ ದೇಶಗಳಲ್ಲೂ ಸಿಗಲೇಬೇಕಾದ 50 ಸಹಾಯಕ ಸಾಧನಗಳ ಪಟ್ಟಿ ಮಾಡಿತು. ಅದರಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದವೂ ಇವೆ. ಊರುಗೋಲು, ಕನ್ನಡಕ, ಕಿವಿಯ ಮೆಷಿನ್ನು, ಗೋಡೆಯ ಕಂಬಿ, ಸ್ನಾನದ ಕುರ್ಚಿ, ವಾರದ ಮಾತ್ರೆ ಇಡುವ ಡಬ್ಬಿ ಕೂಡ ಇವೆ. 2022ರಲ್ಲಿ ಅದೇ ಸಂಸ್ಥೆ ಮತ್ತು ಯುನಿಸೆಫ್ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಇಂಥ ಒಂದಲ್ಲ ಒಂದು ಸಾಧನ ಬೇಕು. ಬೀಳುವುದರಿಂದ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆಂದೂ, ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ನಮ್ಮಂಥ ದೇಶಗಳವರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾಯದೆ ಉಳಿದವರ ಪಾಡೂ ಸುಲಭದ್ದಲ್ಲ. ಒಮ್ಮೆ ಬಿದ್ದವರಿಗೆ ಮತ್ತೆ ಬೀಳುವ ಹೆದರಿಕೆ. ಹೆದರಿ ಓಡಾಟ ಕಡಿಮೆ ಮಾಡುತ್ತಾರೆ. ಓಡಾಟ ಕಡಿಮೆಯಾದರೆ ಕಾಲಿನ ಶಕ್ತಿ ಕುಂದುತ್ತದೆ. ಶಕ್ತಿ ಕುಂದಿದರೆ ಮತ್ತೆ ಬೀಳುತ್ತಾರೆ.

ಹೀಗಿದ್ದೂ ನಮ್ಮ ಮನೆಗಳಲ್ಲಿ ಇವು ಯಾಕಿಲ್ಲ? ಹಣದ ಅಡಚಣೆಗಿಂತ ನಾಚಿಕೆಯೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ. ಕಂಬಿ ಹಾಕಿದರೆ ಮನೆ ಆಸ್ಪತ್ರೆಯಂತೆ ಕಾಣುತ್ತದೆ, ಕೋಲು ಹಿಡಿದರೆ ಮುದುಕನಾದೆನೆಂದು ಒಪ್ಪಿಕೊಂಡಂತೆ, ಕಿವಿಗೆ ಮೆಷಿನ್ನು ಹಾಕಿದರೆ ಜನ ಕಿವುಡ ಎನ್ನುತ್ತಾರೆ. ಇದೇ ನಾವು ಕನ್ನಡಕ ಹಾಕಲು ನಾಚುವುದಿಲ್ಲ. ತೋಟದ ವಿಷಯದಲ್ಲಂತೂ ಯಾವ ನಾಚಿಕೆಯೂ ಇಲ್ಲ. ಕಾರ್ಬನ್ ಫೈಬರ್ ದೋಟಿ ಬಂದಾಗ, ಇಷ್ಟು ದಿನ ಮರ ಹತ್ತಿಯೇ ಕೊನೆ ತೆಗೆದವರು ನೆಲದ ಮೇಲೆ ನಿಂತು ತೆಗೆಯುವುದು ಅವಮಾನ ಎಂದು ಯಾರಾದರೂ ಅಂದರೇ? ಅರವತ್ತು ಅಡಿ ಮರಕ್ಕೆ ಕೆಳಗಿನಿಂದಲೇ ಔಷಧಿ ಹೊಡೆಯಬಹುದೆಂದು ಕಂಡೊಡನೆ ಸಂತೋಷದಿಂದ ತಂದುಕೊಂಡೆವು. ಗೋಡೆಯ ಕಂಬಿಯೂ ದೋಟಿಯ ಜಾತಿಯದೇ. ಎರಡೂ ಮನುಷ್ಯನು ಬೀಳದೆ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವಂತೆ ಮಾಡುವ ಸಲಕರಣೆಗಳು.

ಸಲಕರಣೆ ನಮ್ಮ ಬದುಕಿಗೆ ಹೊಂದಬೇಕೆಂಬುದು ಇನ್ನೊಂದು ಮಾತು. ಇದಕ್ಕೆ ನಮ್ಮ ದೇಶದ್ದೇ ಒಳ್ಳೆಯ ಉದಾಹರಣೆ ಜೈಪುರ ಕಾಲು. 1968ರ ಸುಮಾರಿಗೆ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಇದನ್ನು ರೂಪಿಸಿದರು. ವಿದೇಶಿ ಮಾದರಿಯ ಕೃತಕ ಕಾಲಿಗೆ ಬೂಟು ಬೇಕಿತ್ತು. ಅದನ್ನು ಹಾಕಿಕೊಂಡು ಚಕ್ಕಳಮಕ್ಕಳ ಕೂರಲು, ಕೆಸರುಗದ್ದೆಯಲ್ಲಿ ನಡೆಯಲು ಕಷ್ಟ. ಇವರು ರಬ್ಬರಿನಲ್ಲಿ ಬರಿಗಾಲಿನ ಆಕಾರದ ಪಾದ ಮಾಡಿದರು. ಆ ಕೆಲಸಕ್ಕಾಗಿ ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಮಲೆನಾಡಿನ ಮನೆಗೂ ಇದೇ ನ್ಯಾಯ. ಪೇಟೆಯ ಟೈಲ್ಸಿನ ಬಚ್ಚಲಿಗೆ ಹೇಳಿದ ಉಪಾಯ ನಮ್ಮ ಮಣ್ಣುಗೋಡೆ, ಕಲ್ಲುಚಪ್ಪಡಿ, ಪಾಚಿ, ಹೊಸ್ತಿಲುಗಳಿಗೆ ಹಾಗೆಯೇ ಹೊಂದುವುದಿಲ್ಲ. ದೊಡ್ಡಮ್ಮನ ಮನೆಯಲ್ಲಿ ಕೆಲಸ ಮಾಡುವಾಗ ಕಲಿತ ಕೆಲವು ಸಂಗತಿಗಳನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇನೆ.

ಕಂಬಿಯ ದಪ್ಪ ಸುಮಾರು ಒಂದೂವರೆ ಇಂಚು, ಎಂದರೆ 38ರಿಂದ 45 ಮಿಲಿಮೀಟರು ಇದ್ದರೆ ಮುದಿ ಕೈಗೆ ಸರಿಯಾಗಿ ಹಿಡಿತ ಸಿಗುತ್ತದೆ. ಒಂದೂಕಾಲು ಇಂಚಿನ ಜಿ.ಐ. ಪೈಪಿನ ಹೊರ ಅಳತೆ 42 ಮಿಲಿಮೀಟರು. ಅಂಥ ತುಂಡುಗಳು ನಮ್ಮ ಎಷ್ಟೋ ಜನರ ಪಂಪ್‌ಹೌಸಿನಲ್ಲಿ ಬಿದ್ದಿವೆ! ಗೋಡೆಗೂ ಪೈಪಿಗೂ ನಡುವೆ ಎರಡು ಇಂಚು ಜಾಗ ಬಿಡಬೇಕು. ಮಣ್ಣಿನ ಗೋಡೆಗೆ ಸ್ಕ್ರೂ ಹಾಕಿದರೆ ಬರಿಯ ಟವೆಲ್ಲಿನ ಭಾರ ತಾಳೀತು, ಮನುಷ್ಯನ ಭಾರ ತಾಳದು. ಬೋಲ್ಟನ್ನು ಗೋಡೆಯ ಆಚೆ ಬದಿಗೆ ತೂರಿಸಿ, ಅಲ್ಲಿಯೂ ಕಬ್ಬಿಣದ ತಟ್ಟೆ ಕೊಟ್ಟು ಬಿಗಿಯಬೇಕು. ಇಲ್ಲವೇ ನೆಲಕ್ಕೆ ಕಾಂಕ್ರೀಟಿನಲ್ಲಿ ಕಂಬ ನಿಲ್ಲಿಸಬೇಕು. ಹಾಕಿದ ಮೇಲೆ ಮನೆಯಲ್ಲಿ ಎಲ್ಲರಿಗಿಂತ ಭಾರದವರು ಜಗ್ಗಿ ನೋಡಬೇಕು. ಅಲುಗುವ ಕಂಬಿ ಇಲ್ಲದ ಕಂಬಿಗಿಂತ ಅಪಾಯ.

ಕಮೋಡಿನ ಸೀಟು ನೆಲದಿಂದ ಸುಮಾರು 18 ಇಂಚು ಎತ್ತರವಿದ್ದರೆ ಏಳುವುದು ಸುಲಭ. ಕಟ್ಟಿಸಲು ಅನುಕೂಲವಿಲ್ಲದವರು ಭಾರತೀಯ ಮಾದರಿಯ ಪಾಯಿಖಾನೆಯ ಮೇಲೆಯೇ ಇಡಬಹುದಾದ, ನಡುವೆ ತೂತಿರುವ ಕಬ್ಬಿಣದ ಕುರ್ಚಿ ತರಬಹುದು. ಕಾಲಿಗೆ ರಬ್ಬರು ಬುಡ ಇರಲಿ.

ಊರುಗೋಲಿನ ಎತ್ತರಕ್ಕೂ ಲೆಕ್ಕವಿದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕು. ನೋವಿರುವ ಕಾಲಿನ ಕಡೆಯ ಕೈಯಲ್ಲಲ್ಲ, ಅದರ ಎದುರು ಕೈಯಲ್ಲಿ ಹಿಡಿಯಬೇಕು. ನಾನು ನೋಡಿದವರಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗೆ ಮಾಡುತ್ತಿದ್ದರು. ಕೋಲಿನ ತುದಿಯ ರಬ್ಬರು ಸವೆದು ನುಣುಪಾದರೆ ಗಾಡಿಯ ಟಯರು ಸವೆದ ಹಾಗೆಯೇ. ಕೂಡಲೇ ಬದಲಿಸಬೇಕು.

ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸುವವರು ಒಂದಕ್ಕೆ ಹನ್ನೆರಡರ ಲೆಕ್ಕ ಹಿಡಿಯಬೇಕು. ಅಂಗಳದಿಂದ ಜಗುಲಿಗೆ ಒಂದೂವರೆ ಅಡಿ ಎತ್ತರವಿದ್ದರೆ ಇಳಿಜಾರಿನ ಉದ್ದ 18 ಅಡಿ. ಜಾಗವಿಲ್ಲವೆಂದು ಆರು ಅಡಿಯಲ್ಲಿ ಮುಗಿಸಿದರೆ ಅದು ಮೂಟೆ ಜಾರಿಸಲು ಆದೀತು, ಮನುಷ್ಯರಿಗಾಗದು. ಇನ್ನು ಖರ್ಚೇ ಇಲ್ಲದ ಕೆಲಸ ಒಂದಿದೆ: ಕೆಂಪು ನೆಲದ ಮೆಟ್ಟಿಲು, ಹೊಸ್ತಿಲುಗಳ ಅಂಚಿಗೆ ಎರಡು ಇಂಚು ಅಗಲದ ಬಿಳಿ ಬಣ್ಣದ ಪಟ್ಟಿ ಎಳೆಯುವುದು. ಕಣ್ಣು ಮಸುಕಾದವರಿಗೆ ಕೆಂಪು ನೆಲದಲ್ಲಿ ಕೆಂಪು ಮೆಟ್ಟಿಲು ಕಾಣುವುದಿಲ್ಲ. ಬಚ್ಚಲ ಪಾಚಿಯನ್ನು ವಾರಕ್ಕೊಮ್ಮೆ ಉಜ್ಜಿ ತೆಗೆಯುವುದನ್ನು ಬೇರೆ ಹೇಳಬೇಕಾಗಿಲ್ಲ. ದಾರಿಯಲ್ಲಿ ಮನುಷ್ಯರು ಬಂದೊಡನೆ ತಾನಾಗಿ ಹೊತ್ತಿಕೊಳ್ಳುವ, ಬ್ಯಾಟರಿಯ ಸಣ್ಣ ದೀಪಗಳು ಈಗ ಸಿಗುತ್ತವೆ. ಕರೆಂಟಿಲ್ಲದ ಮಳೆಗಾಲಕ್ಕೆ ಅವು ವರವೇ ಸರಿ.

ಹಾಗೆಂದು ಗಡಿಯಾರದಂಥ ಯಂತ್ರಗಳು ಬೇಡವೆಂದು ನಾನು ವಾದಿಸುವುದಿಲ್ಲ. ಗುಂಡಿ ಒತ್ತಿದರೆ ಸಹಾಯ ಕರೆಯುವ ವ್ಯವಸ್ಥೆ ಯುರೋಪು, ಅಮೆರಿಕಗಳಲ್ಲಿ 1970ರ ದಶಕದಿಂದಲೂ ಇದೆ. ಆದರೆ ಅಲ್ಲಿ ಗುಂಡಿಯ ಹಿಂದೆ ಫೋನಿನ ತಂತಿ ಇತ್ತು, ತಂತಿಯ ಕೊನೆಯಲ್ಲಿ ಹಗಲಿರುಳು ಕುಳಿತ ಮನುಷ್ಯ ಇದ್ದ. ನಮ್ಮಲ್ಲಿ ಗಡಿಯಾರವಿದೆ, ತಂತಿಯಿಲ್ಲ. ಅಮೆರಿಕದಲ್ಲಿರುವ ಮಗಳ ಮೊಬೈಲು ಕೂಗಿಕೊಂಡರೆ ಅವಳು ಅಲ್ಲಿಂದ ಬಂದು ಎತ್ತಿಯಾಳೇ? ಯಂತ್ರ ಕರೆಯಬಲ್ಲದು, ಎತ್ತಿ ಕೂರಿಸಲಾರದು. ಎತ್ತುವ ಕೈ ಹತ್ತಿರವೇ ಇರಬೇಕು. ಆದ್ದರಿಂದ ದೊಡ್ಡಮ್ಮನ ಬಚ್ಚಲಿನಲ್ಲಿ, ನೆಲದ ಮೇಲೆ ಬಿದ್ದವರ ಕೈಗೂ ಎಟುಕುವ ಹಾಗೆ ಹಗ್ಗವೊಂದನ್ನು ಇಳಿಬಿಟ್ಟು, ಅದನ್ನೆಳೆದರೆ ಲೈನ್ ಮನೆಯ ಮಾಡಿನಲ್ಲಿ ಗಂಟೆ ಹೊಡೆಯುವಂತೆ ಬ್ಯಾಟರಿಯ ಬೆಲ್ಲು ಮತ್ತು ತಂತಿ ಎಳೆದೆವು. ಇದಕ್ಕೆ ಟವರು ಬೇಡ, ಕರೆಂಟು ಬೇಡ. ಹಿಂದೆ ನಾವು ಗುಡ್ಡದಿಂದ ಗುಡ್ಡಕ್ಕೆ 'ಕೂ' ಹಾಕುತ್ತಿದ್ದೆವಲ್ಲ, ಅದರದೇ ಹೊಸ ರೂಪ. ಗಡಿಯಾರವೂ ಇದೆ, ಸಿಗ್ನಲ್ ಇದ್ದಾಗ ಮಗನಿಗೆ ಅದರಿಂದ ಸಮಾಧಾನ.

ಇದೆಲ್ಲ ಸರಕಾರದ ಕೆಲಸ ಎನ್ನುವವರಿದ್ದಾರೆ. ಸರಕಾರ ಸುಮ್ಮನೆ ಕುಳಿತಿಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಅಡಿಪ್ ಯೋಜನೆ 1981ರಷ್ಟು ಹಳೆಯದು. ಕಡಿಮೆ ಆದಾಯದ ಹಿರಿಯರಿಗಾಗಿ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಆರಂಭವಾಯಿತು. ಊರುಗೋಲು, ವಾಕರ್, ಗಾಲಿಕುರ್ಚಿ, ಕಿವಿಯ ಮೆಷಿನ್ನು, ಹಲ್ಲಿನ ಸೆಟ್ಟು, ಕನ್ನಡಕ ಅದರಲ್ಲಿ ಸೇರಿವೆ. 1972ರಲ್ಲಿ ಸ್ಥಾಪನೆಯಾದ ಕಾನ್ಪುರದ ಅಲಿಂಕೋ ಸಂಸ್ಥೆ ಇವನ್ನು ಶಿಬಿರಗಳ ಮೂಲಕ ಹಂಚುತ್ತದೆ. ಕಿವಿಯ ಪರೀಕ್ಷೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹಿರಿಯರ ಸಹಾಯವಾಣಿ 14567 ಇದೆ. ಆದರೆ ಶಿಬಿರದಲ್ಲಿ ವಾಕರ್ ಕೊಟ್ಟವರು ನಮ್ಮ ಮನೆಗೆ ಬಂದು ಹೊಸ್ತಿಲಿನ ಎತ್ತರ ನೋಡುವುದಿಲ್ಲ. ಎಂಟು ಇಂಚಿನ ಹೊಸ್ತಿಲು ದಾಟಲಾಗದ ವಾಕರ್ ಎರಡೇ ದಿನದಲ್ಲಿ ಅಟ್ಟ ಸೇರುತ್ತದೆ. ಸಾಧನ ಸಿಗುತ್ತದೆ, ಅದನ್ನು ಮನೆಗೆ ಹೊಂದಿಸಿ ಕೊಡುವವರು ಸಿಗುವುದಿಲ್ಲ. ಕೊರತೆ ಇರುವುದು ಅಲ್ಲಿ, ಮತ್ತು ಅಲ್ಲಿಯೇ ನಮ್ಮ ಸಂಘಕ್ಕೆ ಕೆಲಸವಿದೆ.

ಇನ್ನೊಂದು ಮಾತನ್ನು ಹೇಳದೆ ಈ ಲೇಖನ ಮುಗಿಸಿದರೆ ತಪ್ಪಾಗುತ್ತದೆ. ಬಿದ್ದವರು ಮನೆಯ ಹಿರಿಯರು ಮಾತ್ರವಲ್ಲ. ದೋಟಿ ಬರುವ ಮುಂಚೆ, ಬಂದ ಮೇಲೂ, ನಮ್ಮ ಮರಗಳಿಂದ ಬಿದ್ದ ಕೊನೆಗೌಡರಿದ್ದಾರೆ, ಮರಗಸಿಯಲ್ಲಿ ಬಿದ್ದವರಿದ್ದಾರೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಒಂದು ಕೋಣೆಯಲ್ಲಿ ಮಲಗಿದವರ ಮನೆಗೆ ನಾವೆಷ್ಟು ಜನ ಹೋಗಿದ್ದೇವೆ? ಅವರಿಗೆ ಗಾಲಿಕುರ್ಚಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಕರ್ತವ್ಯ ಮುಗಿಯಲಿಲ್ಲ. ಸ್ಪರ್ಶವಿಲ್ಲದ ಮೈಗೆ ಒತ್ತಡದ ನೋವು ತಿಳಿಯುವುದಿಲ್ಲ. ತಕ್ಕ ಕುಶನ್ ಇಲ್ಲದೆ, ಆಗಾಗ ಮೈಭಾರ ಎತ್ತಿ ಸರಿಯದೆ ಕೂತರೆ ಹುಣ್ಣಾಗುತ್ತದೆ. ಆ ಹುಣ್ಣು ಪ್ರಾಣಕ್ಕೇ ಬರಬಹುದು. ಲೈನ್ ಮನೆಯ ಬಾಗಿಲು ಗಾಲಿಕುರ್ಚಿಗಿಂತ ಕಿರಿದಾಗಿದ್ದರೆ ಕುರ್ಚಿ ಇದ್ದೂ ಅವರು ಸೆರೆಯಾಳು. ನಮ್ಮ ಅಡಿಕೆಗಾಗಿ ಬಿದ್ದವರ ಬಾಗಿಲು ಅಗಲ ಮಾಡಿಸುವುದು ದಾನವಲ್ಲ, ಋಣ.

'ನೋಡಿಕೊಳ್ಳಲು ನಾವಿರುವಾಗ ಕಬ್ಬಿಣದ ಕಂಬಿ ಯಾಕೆ?' ಎಂದು ಕೆಲವರು ಪ್ರೀತಿಯಿಂದಲೇ ಕೇಳಬಹುದು. ಪ್ರೀತಿ ದೊಡ್ಡದು, ಸಂಶಯವಿಲ್ಲ. ಆದರೆ ಜೀವಮಾನವೆಲ್ಲ ಹತ್ತಾರು ಜನರಿಗೆ ಕೆಲಸ ಹೇಳಿದ ಹೆಂಗಸು ಬಚ್ಚಲಿಗೆ ಹೋಗಲು ಇನ್ನೊಬ್ಬರನ್ನು ಕರೆಯಬೇಕಾದಾಗ ಅವರ ಮುಖ ನೋಡಿ. ಎಷ್ಟೋ ಹಿರಿಯರು ರಾತ್ರಿ ಯಾರನ್ನೂ ಎಬ್ಬಿಸಬಾರದೆಂದು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಕಂಬಿ ಪ್ರೀತಿಯ ಬದಲಿಗೆ ಬರುವುದಲ್ಲ. ಅವರ ಮಾನ ಅವರ ಕೈಯಲ್ಲೇ ಉಳಿಯಲೆಂದು ಹಾಕುವುದು.

ಆದ್ದರಿಂದ ಬರುವ ಮಹಾಸಭೆಯಲ್ಲಿ ಚರ್ಚೆಯಾಗಲೆಂದು ಈ ಸಲಹೆಗಳನ್ನು ಆಡಳಿತ ಮಂಡಳಿಯ ಮುಂದಿಡುತ್ತೇನೆ.

1. ನಮ್ಮ ಮಾರಾಟ ಮಳಿಗೆಯಲ್ಲಿ ಮೈಲುತುತ್ತು, ಕತ್ತಿಗಳ ಪಕ್ಕದಲ್ಲೇ ಕೋಲಿನ ರಬ್ಬರು, ವಾಕರ್, ಸ್ನಾನದ ಕುರ್ಚಿ, ಕಂಬಿಯ ತಟ್ಟೆ ಬೋಲ್ಟುಗಳಿಗೆ ಒಂದು ಕಪಾಟು ಇರಲಿ.

2. ಮೂಳೆ ಮುರಿದವರಿಗೆ ಮೂರು ನಾಲ್ಕು ತಿಂಗಳಷ್ಟೇ ಬೇಕಾಗುವ ವಾಕರ್, ಗಾಲಿಕುರ್ಚಿಗಳನ್ನು ಸ್ಪ್ರೇಯರಿನಂತೆ ಬಾಡಿಗೆಗೆ ಕೊಡುವ ವ್ಯವಸ್ಥೆಯಾಗಲಿ. ಒಂದು ಮನೆಯ ಅಟ್ಟದಲ್ಲಿ ಧೂಳು ತಿನ್ನುವುದು ಇನ್ನೊಂದು ಮನೆಯ ಕಾಲಾಗುತ್ತದೆ.

3. ಪ್ರತಿ ಶಾಖೆಯಿಂದ ಇಬ್ಬರು ವೆಲ್ಡಿಂಗ್ ಅಥವಾ ಗಾರೆ ಕೆಲಸದ ಯುವಕರಿಗೆ ಅಳತೆ ಮತ್ತು ಅಳವಡಿಕೆಯ ತರಬೇತಿ ಕೊಡಿಸಬೇಕು. ದೋಟಿ ಊರೂರಿಗೆ ಹಬ್ಬಿದ್ದು ಬರಿಯ ಮಾರಾಟದಿಂದಲ್ಲ, ಅದನ್ನು ಹಿಡಿಯಲು ಕಲಿಸಿದವರಿಂದ.

4. ಖರ್ಚನ್ನು ಬೆಳೆಯ ಹಣದಲ್ಲಿ ಕಂತಾಗಿ ಮುರಿದುಕೊಳ್ಳುವ ಚಿಕ್ಕ ಸಾಲ ಇರಲಿ. ಸದಸ್ಯರ ತೋಟದ ಕಾರ್ಮಿಕರ ಮನೆಗಳಿಗೂ ಅದು ಅನ್ವಯಿಸಲಿ.

5. ಆರಿದ್ರಾ ಮಳೆ ಹಿಡಿಯುವ ಮುನ್ನ, ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ದಿನಕ್ಕೊಮ್ಮೆ ಅವರ ಅಂಗಳಕ್ಕೆ ಯಾರು ಹೋಗಿಬರುವರೆಂದು ಊರಿನವರೇ ಸರದಿ ಗೊತ್ತುಮಾಡಿಕೊಳ್ಳಲಿ. ಇದಕ್ಕೆ ಪೈಸೆ ಖರ್ಚಿಲ್ಲ.

ಬೋರ್ಡೋ ದ್ರಾವಣವನ್ನು ಕೊಳೆ ಬಂದ ಮೇಲೆ ಹೊಡೆದರೆ ಪ್ರಯೋಜನವಿಲ್ಲ, ಬರುವ ಮುಂಚೆ ಹೊಡೆಯಬೇಕೆಂದು ನಮಗೆಲ್ಲ ಗೊತ್ತು. ಕಂಬಿಯೂ ಹಾಗೆಯೇ. ಮಳೆಗೆ ಇನ್ನು ಹೆಚ್ಚು ದಿನವಿಲ್ಲ. ಈ ಪತ್ರಿಕೆಯನ್ನು ಮಡಿಚಿಟ್ಟು, ಇವತ್ತೇ ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: 'ಬಚ್ಚಲಿಗೆ ಹೋಗುವಾಗ ಎಲ್ಲಿ ಕೈ ಊರುತ್ತೀರಿ?' ಅವರು ತೋರಿಸಿದ ಜಾಗದಲ್ಲಿ ಏನೂ ಇಲ್ಲದಿದ್ದರೆ, ನಿಮ್ಮ ಪಂಪ್‌ಹೌಸಿನಲ್ಲಿ ಪೈಪಿನ ತುಂಡು ಇದೆಯೋ ನೋಡಿ.

— ಒಬ್ಬ ಸದಸ್ಯ